ಹತ್ತಿ ಬೆಳೆದು ಕಟ್ಟಿದ ಶಾಲೆ, ಊರಿಗೆ ಉಳಿದ ಭವನ



ಬೀಜೋಪಚಾರ, ಗೊಬ್ಬರದ ಪ್ರಮಾಣ, ಕೀಟಬಾಧೆ ಮುಂತಾದ ವಿಷಯಗಳನ್ನು ಈ ಪುಟದಲ್ಲಿ ಓದಿ ರೂಢಿಯಾದ ತಮಗೆ ಇಂದಿನ ಲೇಖನ ಕೊಂಚ ಬೇರೆ ಎನಿಸಬಹುದು. ಇಂದು ಬರೆಯುತ್ತಿರುವುದು ಶಾಲೆಯ ಕಟ್ಟಡಗಳ ಬಗ್ಗೆ. ಆದರೂ ಇದರಲ್ಲಿ ಹತ್ತಿ ಇದೆ, ಕೀಟ ಇದೆ, ಗೊಬ್ಬರವೂ ಇದೆ. ಗೊಬ್ಬರದಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ತಪ್ಪು ನನ್ನದು.

ಕೆಲವು ವರ್ಷಗಳ ಹಿಂದೆ ಮುಂಗಾರಿನ ಆರಂಭದಲ್ಲಿ ದಾಸ್ತಾನಿಗೆ ಜಾಗ ಸಾಲದೆ ಒಂದು ಊರಿನ ಹಳೆಯ ಶಾಲೆಯಲ್ಲಿ ಗೊಬ್ಬರದ ಚೀಲಗಳನ್ನು ಇಡಿಸಿದೆ. ಹೊಸ ಶಾಲೆ ರಸ್ತೆಯ ಬದಿಗೆ ಹೋಗಿ ಹಳೆಯದು ಖಾಲಿ ಬಿದ್ದಿತ್ತು. ಕಲ್ಲಿನ ಗೋಡೆ, ಗಾರೆಯ ಗಿಲಾವು, ಸಾಗವಾನಿಯ ತೊಲೆ, ಮೇಲೆ ಮಂಗಳೂರು ಹೆಂಚು. ಚೀಲಗಳನ್ನು ನೆಲಕ್ಕೆ ತಾಗಿಸಬೇಡಿ, ಗೋಡೆಗೆ ಒತ್ತಬೇಡಿ, ಕೆಳಗೆ ಹಲಗೆ ಹಾಕಿ ಎಂದು ಸಭೆ ಸಭೆಯಲ್ಲಿ ತಮಗೆ ಹೇಳುವವನು ನಾನೇ. ಅಂದು ಅವಸರದಲ್ಲಿ ಆ ಪಾಠ ಮರೆತೆ. ಹೆಂಚು ಸೋರಿತು, ಚೀಲ ನೀರೊಡೆಯಿತು. ಎರಡು ತಿಂಗಳಲ್ಲಿ ಗೋಡೆ ಉಪ್ಪು ಬಿಟ್ಟು, ಮೊಣಕಾಲೆತ್ತರದವರೆಗೆ ಗಿಲಾವು ಹಪ್ಪಳದಂತೆ ಎದ್ದು ಉದುರತೊಡಗಿತು.

ಉಳಿದ ಚೀಲ ಸಾಗಿಸುವ ದಿನ ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದರು. “ಸಾಹೇಬ್ರ, ಈ ತೊಲಿ ನಮ್ಮಪ್ಪನ ಚಕ್ಕಡ್ಯಾಗ ಬಂದದ್ರಿ. ಸುಗ್ಗಿ ಬಿಟ್ಟು ಮೂರು ದಿನ ಗಾಡಿ ಹೊಡದಿದ್ದ. ಇದು ನಿಮ್ಮ ಗೋದಾಮ ಅಲ್ರಿ, ನಮ್ಮಪ್ಪನ ಸಾಲಿ” ಎಂದರು. ನಾನು ಉತ್ತರ ಕೊಡಲಿಲ್ಲ. ಕೊಡುವಂಥದ್ದೇನೂ ಇರಲಿಲ್ಲ.

ಅಂದಿನಿಂದ, ರೈತರು ತಮ್ಮ ಗಂಟಿನಿಂದಲೂ ಮೈಮುರಿದ ದುಡಿಮೆಯಿಂದಲೂ ಕಟ್ಟಿದ ಶಾಲೆಗಳು ಪಾಠ ನಿಂತ ಮೇಲೆ ಏನಾಗುತ್ತವೆ ಎಂಬುದನ್ನು ಹುಡುಕಿ ಓದುವ ಹವ್ಯಾಸ ಅಂಟಿಕೊಂಡಿತು. ಹಾಗೆ ಓದಿದ್ದರಲ್ಲಿ ಮನಸ್ಸಿಗೆ ಎಲ್ಲಕ್ಕಿಂತ ನಾಟಿದ್ದು ದೂರದ ಅಮೇರಿಕದ ದಕ್ಷಿಣ ರಾಜ್ಯಗಳ ಕಥೆ. ಅದು ಹತ್ತಿಯ ನಾಡು. ನಮಗೂ ಆ ನಾಡಿಗೂ ಹಳೆಯ ನಂಟೊಂದಿದೆ. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಬ್ರಿಟಿಷರು ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಬಿತ್ತಿಸಿ ನೋಡಿದರು, ಅದು ಇಲ್ಲಿನ ಮಣ್ಣಿಗೆ ಒಗ್ಗಿತು. ‘ಧಾರವಾಡ ಅಮೇರಿಕನ್’ ಎಂದು ಪೇಟೆಯಲ್ಲಿ ಹೆಸರಾದ, ನಮ್ಮ ಹಿರಿಯರು ವಿಲಾಯತಿ ಹತ್ತಿ ಎಂದು ಕರೆದ ತಳಿ ಅದೇ. ಆ ಕಾಲದಲ್ಲಿ ಅಲ್ಲಿ ಆ ಹತ್ತಿಯನ್ನು ಬಿಡಿಸುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದು ಮಾರಿದ ಜನ ಮತ್ತು ಅವರ ಮಕ್ಕಳು. ಅವರಿಗೆ ಹೊಲವೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಅವರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು.

1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ಆದರೆ ಭೂಮಿ ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಉಳಿಯಿತು. ಬಿಡುಗಡೆಯಾದ ಕಪ್ಪು ಜನರಲ್ಲಿ ಹೆಚ್ಚಿನವರು ಪಾಲಿಗೆ ಉಳುವವರಾದರು. ಬೀಜ, ಹೇಸರಗತ್ತೆ, ಹಿಟ್ಟು ಎಲ್ಲ ಉದ್ದರಿ. ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ಸಾಲವೇ ಉಳಿಯುತ್ತಿತ್ತು. ಈ ಲೆಕ್ಕದ ರೀತಿ ನಮ್ಮ ಕಡೆಯ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಶಾಲೆಗಳು ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ತೆರಿಗೆ ಇಬ್ಬರೂ ಕೊಡುತ್ತಿದ್ದರು, ಖರ್ಚು ಮಾತ್ರ ಬಹುಪಾಲು ಒಂದೇ ಕಡೆಗೆ. ಕಪ್ಪು ಮಕ್ಕಳ ಪಾಠ ಇಗರ್ಜಿಯಲ್ಲೋ, ಹಲಗೆ ಬಿಟ್ಟ ಗುಡಿಸಲಿನಲ್ಲೋ ನಡೆಯುತ್ತಿತ್ತು. ಅದೂ ವರ್ಷಕ್ಕೆ ಕೆಲವೇ ತಿಂಗಳು, ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ.

ಈ ನಾಡಿನ ಅಲಬಾಮಾ ರಾಜ್ಯದಲ್ಲಿ ಟಸ್ಕೀಗಿ ಎಂಬ ಊರು. ಗುಲಾಮಗಿರಿಯಲ್ಲೇ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ ಅವರು 1881ರಲ್ಲಿ ಅಲ್ಲಿ ಒಂದು ವಿದ್ಯಾಸಂಸ್ಥೆ ಕಟ್ಟಿದರು. ನೆಲಗಡಲೆಯ ನಾನಾ ಉಪಯೋಗಗಳನ್ನು ತೋರಿಸಿಕೊಟ್ಟ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಪಾಠ ಹೇಳಿದ್ದು ಅಲ್ಲಿಯೇ. ಹತ್ತಿಯೊಂದನ್ನೇ ಬೆಳೆದು ಸವೆದ ಮಣ್ಣಿಗೆ ಶೇಂಗಾ, ಅಲಸಂದೆಗಳ ಸರದಿ ಕೊಡಿರಿ ಎಂದು ಅವರು ಹೇಳುತ್ತಿದ್ದರು. 1906ರಲ್ಲಿ ಅಲ್ಲಿಂದ ಒಂದು ಕುದುರೆಗಾಡಿ ಹಳ್ಳಿಗಳಿಗೆ ಹೊರಟಿತು. ಅದರಲ್ಲಿ ನೇಗಿಲು, ಬೀಜ, ಬೆಣ್ಣೆ ತೆಗೆಯುವ ಯಂತ್ರ ಇತ್ಯಾದಿ. ರೈತ ಶಾಲೆಗೆ ಬರಲಾರದಿದ್ದರೆ ಶಾಲೆಯೇ ರೈತನ ಹೊಲಕ್ಕೆ ಹೋಗಲಿ ಎಂಬುದು ಉದ್ದೇಶ. ನನ್ನಂಥ ವಿಸ್ತರಣಾ ಸಿಬ್ಬಂದಿಯ ವಂಶಾವಳಿ ಬರೆದರೆ ಆ ಗಾಡಿಯನ್ನು ಬಿಡುವಂತಿಲ್ಲ.

ಷಿಕಾಗೋ ನಗರದಲ್ಲಿ ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ವ್ಯಾಪಾರಿ ಇದ್ದರು. ಅಂಚೆಯ ಮೂಲಕ ಹಳ್ಳಿಹಳ್ಳಿಗೆ ಸಾಮಾನು ಮಾರುತ್ತಿದ್ದ ಸಿಯರ್ಸ್ ರೋಬಕ್ ಕಂಪೆನಿಯ ಅಧ್ಯಕ್ಷರು. ಅವರ ಸಂಪತ್ತಿನಲ್ಲಿ ರೈತರ ಕಾಸು ಬಹಳವಿತ್ತು ಎನ್ನಬಹುದು. 1912ರಲ್ಲಿ ತಮ್ಮ 50ನೆಯ ಹುಟ್ಟುಹಬ್ಬಕ್ಕೆ ಟಸ್ಕೀಗಿಗೆ 25,000 ಡಾಲರ್ ಕೊಟ್ಟರು. ಅದರಲ್ಲಿ ಉಳಿದ ಸಣ್ಣ ಮೊತ್ತದಿಂದ ಸುತ್ತಲಿನ ಹಳ್ಳಿಗಳಲ್ಲಿ ಆರು ಶಾಲೆ ಕಟ್ಟಿಸಬಹುದೇ ಎಂದು ವಾಷಿಂಗ್ಟನ್ ಕೇಳಿದರು. ಹೀಗೆ ಮೊದಲ ಶಾಲೆ 1913ರಲ್ಲಿ ಲೋಚಪೋಕ ಎಂಬ ಹಳ್ಳಿಯಲ್ಲಿ ಎದ್ದಿತು. ಊರೂರು ಸುತ್ತಿ ಈ ಕೆಲಸ ನಡೆಸಿದವರು ಟಸ್ಕೀಗಿಯ ವಿಸ್ತರಣಾ ವಿಭಾಗದ ಕ್ಲಿಂಟನ್ ಕ್ಯಾಲೋವೆ.

ದಾನಿ ಕೊಟ್ಟರು, ಶಾಲೆ ಆಯಿತು ಎಂದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಈ ಯೋಜನೆಯ ಷರತ್ತು ಕಟ್ಟುನಿಟ್ಟು. ಊರಿನವರು ಮೊದಲು ತಮ್ಮ ಪಾಲು ಕೂಡಿಸಬೇಕು. ಹಣವಿಲ್ಲದಿದ್ದರೆ ಮರ ಕಡಿದು ಕೊಡಬಹುದು, ಗಾಡಿ ಹೊಡೆಯಬಹುದು, ಮೈದುಡಿಮೆ ಮಾಡಬಹುದು. ಸರಕಾರಿ ಶಿಕ್ಷಣ ಮಂಡಳಿ ತನ್ನ ಪಾಲು ಹಾಕಿ, ಮುಂದೆ ಶಾಲೆಯನ್ನು ನಡೆಸಬೇಕು. ಕನಿಷ್ಠ 2 ಎಕರೆ ಜಾಗವಿರಬೇಕು, ಅದು ಮಂಡಳಿಯ ಹೆಸರಿಗೆ ಬರೆದುಕೊಟ್ಟಿರಬೇಕು. ಈ ಕೊನೆಯ ಷರತ್ತನ್ನು ತಾವು ನೆನಪಿನಲ್ಲಿಡಿರಿ, ಅದರ ಮಾತು ಮುಂದೆ ಬರುತ್ತದೆ.

ಕೈಯಲ್ಲಿ ಕಾಸಿಲ್ಲದ ಪಾಲುಗಾರರು ಹಣ ಹೇಗೆ ಕೂಡಿಸಿದರು? ಹೆಂಗಸರು ಊಟ ಮಾಡಿ ಬಡಿಸಿ, ಬುತ್ತಿಗಳನ್ನು ಹರಾಜು ಹಾಕಿ ಕಾಸು ಸೇರಿಸಿದರು. ಕೋಳಿ ಮಾರಿದರು, ಹಂದಿ ಮಾರಿದರು. ಕೆಲವೆಡೆ ರೈತರು ತಾವು ಉಳುವ ಹೊಲದಲ್ಲಿ ಒಂದು ತುಂಡನ್ನು ಶಾಲೆಗೆಂದು ಗುರುತು ಮಾಡಿದರು. ಅದಕ್ಕೆ ‘ರೋಸೆನ್‌ವಾಲ್ಡ್ ಪಟ್ಟಿ’ ಎಂದೇ ಹೆಸರು. ಆ ತುಂಡಿನ ಹತ್ತಿಯ ಹಣ ಬೇರೆ ಯಾವುದಕ್ಕೂ ಹೋಗುವಂತಿಲ್ಲ. ಮಕ್ಕಳೇ ಅಲ್ಲಿ ಕಳೆ ತೆಗೆದರು, ಹತ್ತಿ ಬಿಡಿಸಿದರು. ನಮ್ಮಲ್ಲಿ ದೇವರ ಹೆಸರಿನಲ್ಲಿ ಒಂದು ಸಾಲು ಬಿಡುವ ರೂಢಿ ಇರುವ ಊರುಗಳಲ್ಲಿ ಇದು ಹೊಸದೆನಿಸದು.

ಅದೇ ಕಾಲಕ್ಕೆ ಆ ನಾಡಿಗೆ ಬಂದ ಕೀಟದ ವಿಷಯ ಹೇಳದಿದ್ದರೆ ಅವರ ಕಷ್ಟ ತಿಳಿಯದು. ಬೋಲ್ ವೀವಿಲ್ ಎಂಬ ಉದ್ದ ಮೂತಿಯ ಸಣ್ಣ ದುಂಬಿ 1890ರ ದಶಕದಲ್ಲಿ ಮೆಕ್ಸಿಕೋದಿಂದ ಟೆಕ್ಸಾಸಿಗೆ ದಾಟಿ, ವರ್ಷ ವರ್ಷ ಪೂರ್ವಕ್ಕೆ ಸರಿದು 1910ರ ಹೊತ್ತಿಗೆ ಅಲಬಾಮಾ ಮುಟ್ಟಿತು. ನಮ್ಮ ಕಾಯಿಕೊರಕ ಬೇರೆ, ಇದು ಬೇರೆ. ಹೂಮೊಗ್ಗಿಗೆ ಮೂತಿಯಿಂದ ತೂತು ಮಾಡಿ ಒಳಗೆ ಮೊಟ್ಟೆ ಇಡುತ್ತದೆ. ಮರಿಹುಳು ಒಳಗಿನಿಂದಲೇ ತಿನ್ನುತ್ತದೆ, ಮೊಗ್ಗು ಉದುರುತ್ತದೆ. ಅಂದಿನ ರೈತನ ಕೈಯಲ್ಲಿ ಇದಕ್ಕೆ ಹೇಳಿಕೊಳ್ಳುವಂಥ ಮದ್ದಿರಲಿಲ್ಲ. ಬಿದ್ದ ಮೊಗ್ಗನ್ನು ಆಯ್ದು ಸುಡುವುದು, ಬೇಗ ಬರುವ ತಳಿ ಬಿತ್ತುವುದು, ಇಷ್ಟೇ.

ಈ ಕೀಟ ಬೆಳೆ ತಿಂದು ಹೋದ ಅಲಬಾಮಾದ ಬೊಲಿಗೀ ಎಂಬಲ್ಲಿ ಶಾಲೆಗಾಗಿ ಒಂದು ಸಭೆ ಸೇರಿತು. ಆ ಸಭೆಯ ವರದಿ ಉಳಿದಿದೆ. ಗುಲಾಮಗಿರಿಯನ್ನು ಕಣ್ಣಾರೆ ಕಂಡಿದ್ದ ಮುದುಕರೊಬ್ಬರು ಎದ್ದು ಮುಂದೆ ಬಂದರು. ಜೇಬಿನಿಂದ ಜಿಡ್ಡುಗಟ್ಟಿದ ಚೀಲ ತೆಗೆದು ಮೇಜಿನ ಮೇಲೆ ಸುರಿದರು. ಎಲ್ಲ ಚಿಲ್ಲರೆ. ಎಣಿಸಿದಾಗ 38 ಡಾಲರ್. ಅದು ಅವರ ಜೀವಮಾನದ ಉಳಿತಾಯ. ತಾನು ಓದಲಿಲ್ಲ, ಮೊಮ್ಮಕ್ಕಳ ಮಕ್ಕಳಿಗಾದರೂ ಅವಕಾಶವಾಗಲಿ ಎಂಬುದು ಅವರ ಆಸೆ. ಆ ಭಾಗವನ್ನು ಓದಿದಾಗ ನನಗೆ ಚಕ್ಕಡಿ ಹೊಡೆದ ಆ ಅಜ್ಜಿಯ ತಂದೆ ನೆನಪಾದರು. ಅವರ 38 ಡಾಲರನ್ನು ಎಣಿಸಿ ಬರೆದಿಟ್ಟವರು ನಮ್ಮಲ್ಲಿ ಯಾರೂ ಇರಲಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. 1912ರಿಂದ 1932ರವರೆಗೆ 15 ರಾಜ್ಯಗಳಲ್ಲಿ 4,977 ಶಾಲೆಗಳಾದವು. ಶಿಕ್ಷಕರ ಮನೆ, ಕೈಗಾರಿಕೆ ಕಲಿಸುವ ಕಟ್ಟಡ ಸೇರಿ 5,357 ಕಟ್ಟಡಗಳು. ಒಟ್ಟು ಖರ್ಚು ಸುಮಾರು 2 ಕೋಟಿ 84 ಲಕ್ಷ ಡಾಲರ್. ಇದರಲ್ಲಿ ರೋಸೆನ್‌ವಾಲ್ಡ್ ನಿಧಿಯದು ಸುಮಾರು 43 ಲಕ್ಷ 60 ಸಾವಿರ, ಕಪ್ಪು ಜನರು ತಾವೇ ಕೂಡಿಸಿದ್ದು 47 ಲಕ್ಷಕ್ಕೂ ಹೆಚ್ಚು. ಅಂದರೆ ಗೋಡೆಯ ಮೇಲೆ ಹೆಸರು ಬಂದ ಕೋಟ್ಯಧೀಶನಿಗಿಂತ ಹೆಸರಿಲ್ಲದ ಪಾಲುಗಾರರು ಹೆಚ್ಚು ಕೊಟ್ಟಿದ್ದರು. ಬಿಳಿಯರ ವಂತಿಗೆ 12 ಲಕ್ಷ. ಉಳಿದದ್ದು ಸರಕಾರದ ತೆರಿಗೆಯ ಹಣ. ಆ ತೆರಿಗೆಯಲ್ಲೂ ಕಪ್ಪು ಜನರ ಪಾಲಿತ್ತು. ಹೀಗೆ ಒಂದೇ ಶಾಲೆಗೆ ಅವರು ಎರಡು ಬಾರಿ ತೆತ್ತರು.

ಕಟ್ಟಡಗಳು ಹೇಗಿದ್ದವು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವೆ. ಮೊದಲಿನ ನಕ್ಷೆಗಳನ್ನು ಸಿದ್ಧಪಡಿಸಿದವರು ಟಸ್ಕೀಗಿಯ ರಾಬರ್ಟ್ ಟೇಲರ್, ಮೆಸಾಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಿಂದ 1892ರಲ್ಲಿ ಪದವಿ ಪಡೆದ ಮೊದಲ ಕಪ್ಪು ವಾಸ್ತುಶಿಲ್ಪಿ. ಹಳ್ಳಿಯಲ್ಲಿ ವಿದ್ಯುತ್ತಿಲ್ಲ, ಆದ್ದರಿಂದ ಬೆಳಕೇ ಮೊದಲ ಲೆಕ್ಕ. ಎತ್ತರದ ಕಿಟಕಿಗಳನ್ನು ಬಿಡಿಬಿಡಿಯಾಗಿ ಇಡದೆ ಒಂದರ ಪಕ್ಕ ಒಂದು ಸಾಲಾಗಿ ಇಡುತ್ತಿದ್ದರು. ಆ ಸಾಲು ಪೂರ್ವಕ್ಕೋ ಪಶ್ಚಿಮಕ್ಕೋ ಇರಬೇಕು. ಜಾಗ ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಈ ನಿಯಮ ತಪ್ಪದಿರಲೆಂದು ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ನಕ್ಷೆಗಳನ್ನೇ ಅಚ್ಚು ಹಾಕಿಸಿದ್ದರು. ಬರೆಯುವ ಕೈಯ ನೆರಳು ಪುಸ್ತಕದ ಮೇಲೆ ಬೀಳದಂತೆ ಬೆಳಕು ಮಗುವಿನ ಎಡಗಡೆಯಿಂದ ಬರಬೇಕು, ಮೇಜುಗಳನ್ನು ಹಾಗೆ ಜೋಡಿಸುತ್ತಿದ್ದರು. ಮರದ ನೆಲ ತೇವಕ್ಕೆ ಕೊಳೆಯದಂತೆ ಇಡೀ ಕಟ್ಟಡವನ್ನು ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಕೆಳಗೆ ಗಾಳಿ ಆಡಲು ಬಿಡುತ್ತಿದ್ದರು.

ಇನ್ನೊಂದು ಏರ್ಪಾಡು ನಮ್ಮ ವಿಷಯಕ್ಕೆ ಮುಖ್ಯ. ಎರಡು ತರಗತಿಗಳ ನಡುವೆ ಮಡಿಚಿ ಸರಿಸುವ ಹಲಗೆಯ ಗೋಡೆ ಇರುತ್ತಿತ್ತು. ಹಗಲು ಎರಡು ಕೋಣೆ, ಸಂಜೆ ಸರಿಸಿದರೆ ಊರೆಲ್ಲ ಕೂರುವ ಒಂದು ಸಭಾಂಗಣ. ಅಲ್ಲಿ ರೈತರ ಸಭೆ ನಡೆಯುತ್ತಿತ್ತು, ಹೆಂಗಸರು ಹಣ್ಣು ತರಕಾರಿಗಳನ್ನು ಡಬ್ಬಿಯಲ್ಲಿ ಕೆಡದಂತೆ ತುಂಬುವುದನ್ನು ಕಲಿಯುತ್ತಿದ್ದರು, ಹಬ್ಬದೂಟವೂ ಆಗುತ್ತಿತ್ತು. ಇವರು ಬರಿಯ ಶಾಲೆಯನ್ನು ಬೇಡಲಿಲ್ಲ. ಸಮುದಾಯ ಭವನ ಆ ನಕ್ಷೆಯಲ್ಲೇ ಹುಟ್ಟಿತ್ತು.

ಮುಂದಿನದು ಸುಖದ ಕಥೆಯೆಂದು ಒಂದೇ ಮಾತಿನಲ್ಲಿ ಹೇಳಲಾರೆ. 1932ರಲ್ಲಿ ರೋಸೆನ್‌ವಾಲ್ಡ್ ತೀರಿಕೊಂಡರು, ಕಟ್ಟಡಗಳ ಯೋಜನೆಯೂ ಅದೇ ವರ್ಷ ನಿಂತಿತು. 1954ರ ಮೇ 17ರಂದು ಅಮೇರಿಕದ ಸುಪ್ರೀಂ ಕೋರ್ಟು, ಜನಾಂಗಕ್ಕೆ ತಕ್ಕಂತೆ ಶಾಲೆ ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಅದು ದೊಡ್ಡ ಗೆಲುವು. ಆದರೆ ಮುಂದಿನ ವರ್ಷಗಳಲ್ಲಿ ಮಕ್ಕಳನ್ನು ಒಟ್ಟುಗೂಡಿಸುವಾಗ ಬಾಗಿಲು ಮುಚ್ಚಿದ್ದು ಬಹುಪಾಲು ಕಪ್ಪು ಜನರ ಶಾಲೆಗಳೇ. ಸಣ್ಣ ಶಾಲೆಗಳನ್ನು ದೊಡ್ಡದರಲ್ಲಿ ಸೇರಿಸುವ ಕೆಲಸ ಅದಕ್ಕೂ ಮೊದಲೇ ಆರಂಭವಾಗಿತ್ತು. ತಾವು ಬಯಸಿದ ನ್ಯಾಯ ಸಿಕ್ಕ ಹೊತ್ತಿಗೇ ತಾವು ಕಟ್ಟಿದ ಮನೆಗೆ ಬೀಗ ಬಿದ್ದಿತು.

ಈಗ ಆ ಷರತ್ತಿನ ಮಾತು. ಜಾಗ ಮಂಡಳಿಯ ಹೆಸರಿನಲ್ಲಿತ್ತಷ್ಟೆ. ಮುಚ್ಚಿದ ಶಾಲೆ ಮಂಡಳಿಯ ಪಾಲಿಗೆ ಬೇಡದ ಆಸ್ತಿ, ಮಾರಿಬಿಡುತ್ತಿದ್ದರು. ಅಜ್ಜ ಹತ್ತಿ ಬೆಳೆದು ಕಟ್ಟಿದ್ದನ್ನು ಮೊಮ್ಮಕ್ಕಳು ಮತ್ತೆ ಹಣ ಕೊಟ್ಟು ಕೊಳ್ಳಬೇಕಾಯಿತು. ಅದು ಮೂರನೆಯ ಬಾರಿಯ ಪಾವತಿ. ಎಷ್ಟೋ ಕಡೆ ಊರಿನ ಇಗರ್ಜಿ ಕೊಂಡು ಉಳಿಸಿತು. ಕೊಳ್ಳಲಾಗದ ಕಡೆ ಮನೆಗಳಾದವು, ಕೊಟ್ಟಿಗೆಗಳಾದವು, ಸುಮ್ಮನೆ ಕುಸಿದವು. ಟೆಕ್ಸಾಸಿನ ವೆಸ್ಟ್ ಕೊಲಂಬಿಯಾದ ಶಾಲೆ 1921ರಲ್ಲಿ ಎದ್ದದ್ದು. 1948ರಲ್ಲಿ ಮುಚ್ಚಿದ ಮೇಲೆ ಅದರಲ್ಲಿ ಒಣಹುಲ್ಲು ತುಂಬಿದ್ದರು. ಬಹಳ ಕಾಲದ ನಂತರ ಗುರುತು ಹಿಡಿದು, ಕಟ್ಟಡವನ್ನೇ ಊರಿನ ವಸ್ತು ಸಂಗ್ರಹಾಲಯದ ಬಳಿಗೆ ಸಾಗಿಸಿ ದುರಸ್ತಿ ಮಾಡಿದರು. ಹುಲ್ಲು ತುಂಬಿದವನನ್ನು ನಾನು ಬಯ್ಯಲಾರೆ. ಹುಲ್ಲು ಒಣಗಿರಬೇಕಾದರೆ ಮಾಡು ಸೋರದಂತೆ ನೋಡಿಕೊಳ್ಳಬೇಕು. ನಾನು ತುಂಬಿದ ಗೊಬ್ಬರಕ್ಕಿಂತ ಅದು ಎಷ್ಟೋ ಮೇಲು.

2002ರಲ್ಲಿ ಅಮೇರಿಕದ ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ಸಂಸ್ಥೆ ಈ ಶಾಲೆಗಳನ್ನು ಅತ್ಯಂತ ಅಪಾಯದಲ್ಲಿರುವ 11 ತಾಣಗಳ ಪಟ್ಟಿಗೆ ಸೇರಿಸಿತು. ಐದು ಸಾವಿರಕ್ಕೂ ಮಿಕ್ಕಿದ ಕಟ್ಟಡಗಳಲ್ಲಿ ನೂರಕ್ಕೆ ಹತ್ತು ಹನ್ನೆರಡು ಮಾತ್ರ ಉಳಿದಿವೆ ಎಂದು ಅಂದಾಜು.

ಉಳಿದವು ಯಾವುವು ಎಂದು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಟೆನೆಸೀ ರಾಜ್ಯದಲ್ಲಿ ಕೈರೋ ಎಂಬ ಸಣ್ಣ ಹಳ್ಳಿ ಇದೆ. ಅಲ್ಲಿನ ಒಬ್ಬರೇ ಶಿಕ್ಷಕರ ಶಾಲೆ 1922ರದು. 1959ರಲ್ಲಿ ಪಾಠ ನಿಂತ ಮೇಲೆ ಅದೇ ಕಟ್ಟಡ ಊರಿನ ಸಮುದಾಯ ಭವನವಾಯಿತು. ದಕ್ಷಿಣ ಕೆರೊಲಿನಾದ ಮೌಂಟ್ ಜಯನ್ ಶಾಲೆ 1925ರದು, 1952ರ ನಂತರ ಇಗರ್ಜಿಯವರು ಸಮುದಾಯ ಭವನವಾಗಿ ಬಳಸಿದರು. ವರ್ಜೀನಿಯಾದ ಸ್ಕ್ರ್ಯಾಬಲ್ ಶಾಲೆ ಮಾತ್ರ 1960ರ ದಶಕದ ಕೊನೆಯಲ್ಲಿ ಮುಚ್ಚಿ, ನಾಲ್ಕು ದಶಕ ಪಾಳು ಬಿದ್ದಿತ್ತು. ಅಲ್ಲಿ ಓದಿದವರೇ ಮುಂದೆ ನಿಂತು ಉಳಿಸಿದರು. 2009ರಲ್ಲಿ ಮತ್ತೆ ತೆರೆದಾಗ ಒಂದು ಭಾಗ ಕಪ್ಪು ಜನರ ಇತಿಹಾಸದ ಪ್ರದರ್ಶನಕ್ಕೆ, ಇನ್ನೊಂದು ಭಾಗ ವೃದ್ಧರ ಕೇಂದ್ರಕ್ಕೆ. ಬರಿಯ ನೆನಪಿಗೆಂದು ಬೀಗ ಹಾಕಿಟ್ಟ ಕಟ್ಟಡಕ್ಕಿಂತ, ಒಲೆ ಹೊತ್ತಿಸಿ ಕಸ ಗುಡಿಸುವವರು ಬಂದುಹೋಗುತ್ತಿದ್ದ ಕಟ್ಟಡವೇ ಹೆಚ್ಚು ಕಾಲ ಬಾಳಿದೆ. ಜನ ಬಂದರೆ ಸೋರುವ ಹೆಂಚು ಆ ದಿನವೇ ಕಣ್ಣಿಗೆ ಬೀಳುತ್ತದೆ.

ವಾಚನಾಲಯದಲ್ಲಿ ಇದನ್ನು ಓದುತ್ತಿರುವ ತಮ್ಮ ಊರಿನಲ್ಲೂ ಇಂಥದೊಂದು ಹಳೆಯ ಶಾಲೆ ಇರಬಹುದು. ತಾವು ಕುಳಿತಿರುವ ವಾಚನಾಲಯವೇ ಅದಾಗಿದ್ದರೂ ಆಶ್ಚರ್ಯವಿಲ್ಲ. ಅದನ್ನು ಊರಿನ ಭವನ ಮಾಡಬೇಕೆಂದಿದ್ದರೆ ಮೊದಲು ಜಾಗ ಯಾರ ಹೆಸರಿನಲ್ಲಿದೆ ಎಂದು ಪಂಚಾಯಿತಿಯ ಆಸ್ತಿ ವಹಿಯಲ್ಲಿ, ಸರ್ವೇ ನಂಬರಿನ ಜಮೀನಾದರೆ ಪಹಣಿಯಲ್ಲಿ ನೋಡಿರಿ. ಬಾಯಿಮಾತಿನ ದಾನವಾಗಿದ್ದರೆ, ಕೊಟ್ಟ ಮನೆಯ ಹಿರಿಯರು ಇರುವಾಗಲೇ ಕಾಗದ ಮಾಡಿಸಿರಿ. ಶಿಕ್ಷಣ ಇಲಾಖೆಯ ಹೆಸರಿದ್ದರೆ ಲಿಖಿತ ಒಪ್ಪಿಗೆ ಪಡೆಯದೆ ಒಂದು ಮೊಳೆಯನ್ನೂ ಹೊಡೆಯಬೇಡಿರಿ.

ಎರಡನೆಯದು ಗೋಡೆ. ಗಾರೆಯ ಗೋಡೆಗೆ ಸಿಮೆಂಟ್ ಗಿಲಾವು ಹಾಕುವ ತಪ್ಪನ್ನು ಎಲ್ಲೆಡೆ ಕಾಣುತ್ತೇನೆ. ನೋಡಲು ನಯವಾಗಿರುತ್ತದೆ, ಆದರೆ ಗೋಡೆಯೊಳಗಿನ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ. ಕೆಲವು ಮಳೆಗಾಲದಲ್ಲಿ ಸಿಮೆಂಟ್ ಹೆಕ್ಕಳಿಕೆಯಾಗಿ, ಬೀಳುವಾಗ ಹಳೆಯ ಗಾರೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಸರಿ. ಆ ಕೆಲಸ ಬಲ್ಲ ಗೌಂಡಿಗಳು ಕಡಿಮೆ, ಆದರೆ ಹುಡುಕಿದರೆ ಸಿಗುತ್ತಾರೆ. ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೋಡಿರಿ, ತೊಲೆಯ ತುದಿಗಳಲ್ಲಿ ಗೆದ್ದಲು ಹತ್ತಿದೆಯೇ ನೋಡಿರಿ. ಗೊಬ್ಬರದ ಚೀಲವನ್ನಂತೂ ಅಲ್ಲಿ ಯಾರೂ ಇಡಬಾರದು, ಇಲಾಖೆಯವರು ಕೇಳಿದರೂ ಕೂಡದು.

ನಾನು ಕೆಡಿಸಿದ ಆ ಶಾಲೆಯಲ್ಲಿ ಈಗ ಹೆಂಗಸರ ಸ್ವಸಹಾಯ ಸಂಘದ ಸಭೆ ನಡೆಯುತ್ತದೆ, ಸಂಜೆ ಭಜನೆ. ಹಿಂಗಾರಿನ ಬಿತ್ತನೆಗೆ ಮುಂಚೆ ನಮ್ಮ ತರಬೇತಿಯೂ ಅಲ್ಲಿಯೇ. ಕೆಟ್ಟ ಗಿಲಾವನ್ನು ಕೆರೆದು ಹೊಸ ಗಾರೆ ಹಾಕಿಸಿದ್ದೇವೆ. ಆದರೂ ಮಳೆಗಾಲದಲ್ಲಿ ಒಂದು ಮೂಲೆಯಲ್ಲಿ ಬೆಳ್ಳಗೆ ಉಪ್ಪು ಮೂಡುತ್ತದೆ, ನಾನು ಹೋದಾಗಲೆಲ್ಲ ಅದನ್ನು ಯಾರಾದರೊಬ್ಬರು ತೋರಿಸುತ್ತಾರೆ. ತೊಲೆ, ಕಲ್ಲು, ಹೆಂಚು ಹೊತ್ತು ತಂದ ಚಕ್ಕಡಿಗಳು ಯಾರಯಾರವು ಎಂದು ಹುಡುಗರು ಒಂದು ವಹಿಯಲ್ಲಿ ಬರೆಯುತ್ತಿದ್ದಾರೆ. ಇದುವರೆಗೆ 19 ಹೆಸರು ಸಿಕ್ಕಿವೆ. ಅಜ್ಜಿಯ ಲೆಕ್ಕದಲ್ಲಿ ಇನ್ನೂ ನಾಲ್ಕು ಗಾಡಿ ಬರಬೇಕು.